ಎರಡು ಉಳಿಯಿತು

ಬಳ್ಳಾರಿ ಯಾರ್ಡಿನ ನಾಲ್ಕನೇ ಲೈನಿನಲ್ಲಿ
ನಸುಕಿಗೇ ಬಂದು ನಿಂತಿತ್ತು ಖಾಲಿ ರೇಕು.
ಐವತ್ತೊಂಬತ್ತು ವ್ಯಾಗನ್ನು. ಒಂದೊಂದರ ಪಕ್ಕೆಗೂ
ಹನ್ನೊಂದು ಬಿಳಿ ಅಂಕಿ,
ಅದಿರಿನ ಕೆಂಪು ಧೂಳಲ್ಲಿ ಮುಕ್ಕಾಲು ಮುಳುಗಿ.
ಹಳೇ ಟವೆಲ್ಲಿನ ತುಂಡಿಂದ ಒರೆಸುವುದು, ಓದುವುದು,
ಬರೆದುಕೊಂಡು ಮುಂದಿನದಕ್ಕೆ ನಡೆಯುವುದು.

ಮೂವತ್ತೇಳನೆಯದು:
೨೨೧೫೦೯೪೦೩೭೧.
ಬಾಯಿಬಿಟ್ಟು ಹೇಳಿದರೆ ಎರಡು ಸಾವಿರದ ಇನ್ನೂರ ಹದಿನೈದು ಕೋಟಿ
ಒಂಬತ್ತು ಲಕ್ಷ ನಲವತ್ತು ಸಾವಿರದ
ಮುನ್ನೂರ ಎಪ್ಪತ್ತೊಂದು.
ಯಾರ ಆಸ್ತಿಯೂ ಅಲ್ಲ, ಯಾರ ಬಾಕಿಯೂ ಅಲ್ಲ,
ತುಕ್ಕು ಹಿಡಿದ ಒಂದು ಡಬ್ಬಿಯ ಹೆಸರು.

ಕೊನೆಯ ಒಂದು ಇದೆಯಲ್ಲ, ಅದು ಕಾವಲುನಾಯಿ.
ನಾನು ಕೆಲಸಕ್ಕೆ ಸೇರಿದ ವಾರ
ಬೀಡಿಕಟ್ಟಿನ ಕಾಗದದ ಮೇಲೆ ಶೇಕ್ಷಾವಲಿ ಕಲಿಸಿದ್ದು:
'ಸಮ ಮನೇವ್ನ ಕೂಡ್ಸು, ಮೂರರಿಂದ ಗುಣ್ಸು,
ಬೆಸ ಮನೇವ್ನ ಹಂಗೇ ಸೇರ್ಸು.
ಮುಂದಿನ ಹತ್ತಕ್ಕೆ ಎಷ್ಟು ಕಮ್ಮಿ, ಅದೇ ಕೊನೇ ಅಂಕಿ.
ಒಂದಂಕಿ ತಪ್ಪಿದ್ರೂ ಬೊಗಳ್ತೈತೆ, ಎರ್ರೆಮ್ಮ.'
ಇಪ್ಪತ್ತಮೂರು ಮೂರಲೆ ಅರವತ್ತೊಂಬತ್ತು,
ಹತ್ತು ಸೇರಿ ಎಪ್ಪತ್ತೊಂಬತ್ತು, ಎಂಬತ್ತಕ್ಕೆ ಒಂದು.
ಸರಿ. ಬೊಗಳಲಿಲ್ಲ.

ಆದರೆ ನನ್ನದೊಂದು ಚಟ, ಯಾರಿಗೂ ಹೇಳದ್ದು:
ಬಲಗಡೆಯಿಂದ ಮೂರು ಮೂರು ಅಂಕಿ ಗಂಟು ಕಟ್ಟಿ
ಒಂದನ್ನು ಕೂಡುವುದು, ಪಕ್ಕದ್ದನ್ನು ಕಳೆಯುವುದು.
೩೭೧ ಕೂಡು, ೯೪೦ ಕಳೆ, ೧೫೦ ಕೂಡು, ೨೨ ಕಳೆ.
ಸೊನ್ನೆಯ ಕೆಳಗೆ ಇಳಿದು ನಾನೂರ ನಲವತ್ತೊಂದು.
ಇಪ್ಪತ್ತೊಂದು ಇಪ್ಪತ್ತೊಂದಲೆ!
ಏಳಕ್ಕೆ ಏನೂ ಉಳಿಸದೆ ಒಡೆಯಿತು ಡಬ್ಬಿ.
ಒಳಗೆ ಮುನ್ನೂರ ಹದಿನಾರು ಕೋಟಿ, ಚಿಲ್ಲರೆ.
ಅದು ಮಾತ್ರ ಹಟಮಾರಿ.
ಹದಿನೇಳಕ್ಕೆ ಒಂದು ಉಳಿಸಿಕೊಂಡಿತು,
ನಲವತ್ತಮೂರಕ್ಕೂ ಒಂದೇ ಒಂದು,
ಚಿಲಕ ಸರಿದಂತಾಗಿ ಮತ್ತೆ ಬಿದ್ದ ಹಾಗೆ.
ಅವಿಭಾಜ್ಯವೋ ಅಲ್ಲವೋ ತಿಳಿಯಬೇಕೆಂದರೆ
ಐವತ್ತಾರು ಸಾವಿರದವರೆಗೂ ತಟ್ಟುತ್ತ ಹೋಗಬೇಕು.
ನಲವತ್ತೇಳಕ್ಕೆ ಕಂಬಿ ಕಾಯತೊಡಗಿತು,
ಇನ್ನೂ ಇಪ್ಪತ್ತೆರಡು ವ್ಯಾಗನ್ನು ಇತ್ತು.

ಕಚೇರಿಯಲ್ಲಿ ಹೊಸ ಹುಡುಗ ಹನುಮೇಶ
ನನ್ನ ಪುಸ್ತಕ ನೋಡಿ ಕುಟ್ಟಿ ಪಟ್ಟಿ ತೆಗೆದ.
ಕಂಪ್ಯೂಟರು ಒಪ್ಪಿತು, ಐವತ್ತೊಂಬತ್ತಕ್ಕೂ ಹಸಿರು ಟಿಕ್ಕು.
ಚಹಾ ಆರುವವರೆಗೆ ಸುಮ್ಮನೆ ಕೂರಲಾರದೆ
ಮೂವತ್ತೇಳನೆಯದಕ್ಕೆ ಮತ್ತೆ ಗಂಟು ಕಟ್ಟಿದೆ:
ಒಂಬತ್ತು ಬಂತು.
ಒಂಬತ್ತು, ಏಳಕ್ಕೆ: ಎರಡು ಉಳಿಯಿತು.

ಎರಡು ಎಲ್ಲಿಂದ ಬಂತು?
ಬೆಳಿಗ್ಗೆ ಇದು ಏಳರ ಮಗುವಾಗಿತ್ತು.
ಪಟ್ಟಿಯಲ್ಲಿ ೨೨೧೫೦೪೯೦೩೭೧.
ನನ್ನ ಪುಸ್ತಕದಲ್ಲೂ, ನನ್ನದೇ ಕೈಬರಹದಲ್ಲಿ, ಅದೇ.
'ಮೇಡಂ, ಚೆಕ್ ಅಂಕಿ ಸರಿ ಐತಲ್ಲ,' ಅಂದ ಹನುಮೇಶ.
ಸರಿ ಇತ್ತು. ಅದೇ ತಮಾಷೆ.
ಒಂಬತ್ತು ಮೂರಲೆ ಇಪ್ಪತ್ತೇಳು, ನಾಲ್ಕು ಸೇರಿ ಮೂವತ್ತೊಂದು;
ನಾಲ್ಕು ಮೂರಲೆ ಹನ್ನೆರಡು, ಒಂಬತ್ತು ಸೇರಿ ಇಪ್ಪತ್ತೊಂದು.
ನಡುವೆ ಅಚ್ಚುಕಟ್ಟಾಗಿ ಹತ್ತು,
ಹತ್ತರ ಹೆಜ್ಜೆ ನಾಯಿಯ ಕಿವಿಗೆ ಬೀಳುವುದಿಲ್ಲ.
ಶೇಕ್ಷಾವಲಿ ಇದನ್ನು ಹೇಳಿರಲಿಲ್ಲ. ಗೊತ್ತಿತ್ತೋ ಇಲ್ಲವೋ.

ಕೋಟೆಗುಡ್ಡದ ಬಂಡೆ ಹೊಳೆಯುವ ಬಿಸಿಲಲ್ಲಿ
ಜಲ್ಲಿಯ ಮೇಲೆ ವಾಪಸ್ಸು ಮೂವತ್ತೇಳು ಡಬ್ಬಿ.
ಅಲ್ಲೇ ಇತ್ತು, ನಾನು ಒರೆಸಿದಷ್ಟೇ ಜಾಗ ಬೆಳ್ಳಗೆ,
ಮುಂದೆ ಒಂಬತ್ತು, ಹಿಂದೆ ನಾಲ್ಕು.
ಕೈ ಇಟ್ಟೆ. ಸುಟ್ಟಿತು.

ಎರಡೂವರೆಗೆ ರೇಕು ತೋರಣಗಲ್ಲಿಗೆ ಹೊರಟಿತು,
ಪಟ್ಟಿಯಲ್ಲೂ ಹಳಿಯ ಮೇಲೂ ಒಂದೇ ಹೆಸರು ಹೊತ್ತು.
ನನ್ನ ಹತ್ತಿರ ಉಳಿದದ್ದು ಒಳಗಿನ ಆ ಹಟಮಾರಿ.
ಸ್ಟೇಷನ್ ಎದುರಿನ ಸ್ಟಾಪಿನಲ್ಲಿ, ಡ್ಯೂಟಿ ಚೀಟಿಯ ಹಿಂದೆ,
ಐವತ್ತಮೂರಕ್ಕೆ ಮೂವತ್ತೊಂಬತ್ತು ಉಳಿಯಿತು.
ಐವತ್ತೊಂಬತ್ತು ಹಿಡಿಯುವಷ್ಟರಲ್ಲಿ
ಬಸ್ಸು ಬಂತು.