ಹಿತ್ತಾಳೆ ಬಾಯಿ

ಮೊದಲು ಜುಮು ಜುಮು.
ಕೆಳತುಟಿಯ ಎಡಮೂಲೆ, ಕಡಲೆಕಾಳಷ್ಟು ಜಾಗ,
ಒಳಗೆ ಯಾರೋ ಇರುವೆ ಬಿಟ್ಟ ಹಾಗೆ.
ಕನ್ನಡಿಯಲ್ಲಿ ಏನೂ ಕಾಣದು. ನನಗೆ ಗೊತ್ತು.
ಭಾನುವಾರ ವಿನೋಬನಗರದಲ್ಲಿ ದಿಬ್ಬಣ,
ಹನ್ನೊಂದು ಜನರ ಸೆಟ್ಟಿಗೆ ನಾನೊಬ್ಬನೇ ಕಾರ್ನೆಟ್.

ಬೆಳಗಾಗುವಷ್ಟರಲ್ಲಿ ನೀರು ತುಂಬಿದ ನಾಲ್ಕು ಗುಳ್ಳೆ,
ಒಂದರ ಮೈಗೊಂದು ಒರಗಿ ಕೂತಿವೆ
ಸಿಟಿ ಬಸ್ಸಿನ ಹಿಂದಿನ ಸೀಟಿನ ಹುಡುಗರಂತೆ.

ಹಲ್ಲಿ ಉಚ್ಚೆ ಹೊಯ್ದಿದೆ ಅಂದರು ಅತ್ತೆ.
ಒಳಜ್ವರ, ತುಟಿಯಲ್ಲಿ ಒಡೆದಿದೆ ಅಂದ ಕ್ಷೌರದ ತಿಮ್ಮೇಶಿ.
ಡೋಲಿನ ಫಕೀರಪ್ಪ ಸುಣ್ಣ ಹಚ್ಚು ಅಂದ.
ಹಚ್ಚಿದ್ದೆ ಹಿಂದೊಮ್ಮೆ. ಸುಣ್ಣ ತುಟಿಯನ್ನೇ ತಿಂದು
ಆ ಲಗ್ನದ ಕಾಲವಿಡೀ ತಾಳ ಬಡಿದೆ, ಅರ್ಧ ಕೂಲಿಗೆ.
ಜೇನು, ಲೋಳೆಸರ, ಹಸುವಿನ ತುಪ್ಪ, ಟೂತ್‌ಪೇಸ್ಟು:
ಇಪ್ಪತ್ತು ವರ್ಷದಲ್ಲಿ ಈ ತುಟಿ ಊರೂಟವನ್ನೇ ಉಂಡಿದೆ.

ದುರ್ಗಿಗುಡಿಯ ಔಷಧಿ ಅಂಗಡಿ.
ನಾನು ಕರವಸ್ತ್ರ ಸರಿಸುವ ಮುಂಚೆಯೇ ವಿನುತಾ ಡ್ರಾಯರ್ ಎಳೆದಳು.
ಕಿರುಬೆರಳುದ್ದದ ಟ್ಯೂಬು, ಏಸೈಕ್ಲೋವಿರ್.
"ದಿನಕ್ಕೆ ಐದು ಸಲ. ತಿಕ್ಕಬೇಡಿ, ಮುಟ್ಟಿಸಿ ಬಿಡಿ.
ಆಮೇಲೆ ಕೈ ತೊಳೀರಿ, ಆ ಕೈ ಕಣ್ಣಿಗೆ ಹೋಗಬಾರದು.
ಜುಮ್ಮೆಂದ ಕೂಡಲೇ ಬಂದಿದ್ದರೆ..."
ಪ್ರತಿ ಸಲವೂ ಇದೇ 'ಬಂದಿದ್ದರೆ'.
"ಮಾತ್ರೆ ಬೇಕಾದರೆ ಚೀಟಿ ತನ್ನಿ, ಎದುರೇ ಮೆಟ್ಟಿಲು."

ಇದುವರೆಗೆ ಹತ್ತಿರಲಿಲ್ಲ, ಹತ್ತಿದೆ.
ಚರ್ಮದ ಡಾಕ್ಟರು ಚಿಕ್ಕ ಹುಡುಗಿ, ಟಾರ್ಚು ಹಿಡಿದು
"ಹತ್ತು ದಿನ. ಗಾಯ ಮಾಯತ್ತೆ, ಅದು ಹೋಗಲ್ಲ" ಅಂದಳು.
ಕಿವಿಯ ಹತ್ತಿರ, ನರದ ಬುಡದಲ್ಲಿ
ಮಲಗಿರುತ್ತದಂತೆ ಜೀವವಿಡೀ.
ಬಿಸಿಲು, ಜ್ವರ, ನಿದ್ದೆಗೆಟ್ಟ ರಾತ್ರಿ,
ಇಷ್ಟು ಸಾಕಂತೆ ಎಬ್ಬಿಸಲು.
ನಕ್ಕೆ; ತುಟಿ ಉರಿಯಿತು.
ಬಿಸಿಲು, ನಿದ್ದೆಗೆಟ್ಟ ರಾತ್ರಿ. ಅದೇ ಅಲ್ಲವೇ ನನ್ನ ಕಸುಬು.
ಮಾತ್ರೆ ಬರೆದಳು. ಮಾಯುವ ತನಕ ಊದಬೇಡಿ,
ಮನೆಯಲ್ಲಿ ಕೂಸಿದ್ದರೆ ಮುದ್ದಿಡಬೇಡಿ ಅಂದಳು.

"ಎಲ್ಲಿಂದ ಬಂತು ಮೇಡಂ?"
"ಯಾರಿಗೆ ಗೊತ್ತು. ಚಿಕ್ಕಂದಿನಲ್ಲಿ ಯಾರದೋ ಮುತ್ತು,
ಎಂಜಲು ಲೋಟ, ಏನೂ ಆಗಿರಬಹುದು."

ನಾನು ಹೇಳಲಿಲ್ಲ.
ಹಳೇ ಸೇತುವೆಯ ಕೆಳಗೆ, ಹೊಳೆ ಇಳಿದ ಏಪ್ರಿಲ್ಲಿನಲ್ಲಿ
ಅಂತೋಣಿ ಮೇಷ್ಟ್ರು ತಮ್ಮ ಬಾಯಿಂದ ಕಾರ್ನೆಟ್ ಕಿತ್ತು
ಅಂಗಿಯ ಚುಂಗಿಗೆ ಒರೆಸಿ ನನ್ನ ಬಾಯಿಗಿಟ್ಟದ್ದು.
ನನಗೆ ಹನ್ನೆರಡು. ಹಿತ್ತಾಳೆ ಇನ್ನೂ ಬೆಚ್ಚಗಿತ್ತು, ಬೀಡಿಯ ವಾಸನೆ.
ಮೊದಲ ಸ್ವರ ಎಮ್ಮೆ ಕೂಗಿದಂತೆ ಬಂದು
ಬಟ್ಟೆ ಒಗೆಯುವವರೆಲ್ಲ ತಿರುಗಿ ನೋಡಿದರು.
ಮೇಷ್ಟ್ರ ತುಟಿಯ ಮೇಲೆ ಆಗಾಗ ಒಂದು ಕಪ್ಪು ಹಕ್ಕಳೆ;
ದೊಡ್ಡ ವಾದಕರ ಗುರುತು ಅದು ಅಂದುಕೊಂಡಿದ್ದೆ,
ನನಗೂ ಬರಲಿ ಅಂತ ಕನ್ನಡಿ ನೋಡುತ್ತಿದ್ದೆ.

ಶನಿವಾರ ರಾತ್ರಿ. ಐದನೆಯ ಸಲದ ಮುಲಾಮು.
ಚೌಡೇಶ ಕೈ ಚಾಚಿದ: "ನಾಳೆ ನಾನೇ ಊದ್ತೀನಿ, ಕೊಡಣ್ಣ."
ಆಗಲೇ ನನ್ನ ಕೈ ಅಂಗಿಯ ಚುಂಗು ಹುಡುಕುತ್ತಿತ್ತು.

ನಿಲ್ಲಿಸಿದೆ.
ಮೌತ್‌ಪೀಸ್ ಕಳಚಿ ಜೇಬಿಗಿಳಿಸಿದೆ.
ಗಾಂಧಿ ಬಜಾರಿನ ವಾದ್ಯದಂಗಡಿ ಅರ್ಧ ಷಟರ್ ಎಳೆದಿತ್ತು,
ಬಗ್ಗಿ ಒಳಹೋಗಿ ಹೊಸದೊಂದು ತಂದೆ. ಎರಡು ಮದುವೆಯ ಕೂಲಿ.
"ಹಳೇದಕ್ಕೆ ಏನಾಗಿತ್ತು?" ಹುಡುಗನ ಮುಖ ಸಪ್ಪೆ.
ಮೇಷ್ಟ್ರದ್ದು ತನಗೇ ಸಿಗುತ್ತದೆ ಅಂದುಕೊಂಡಿದ್ದ ಪಾಪ.

ಭಾನುವಾರ ನಾನು ಹಿಂದಿನ ಸಾಲಿನಲ್ಲಿ,
ತಲೆಗೆ ಟೊಪ್ಪಿ, ಕೈಯಲ್ಲಿ ತಾಳ.
ಹೊಸ ಹಿತ್ತಾಳೆ, ಯಾರ ಬಾಯೂ ಸೋಕದ್ದು.
ಚೌಡೇಶ ಚೆನ್ನಾಗಿಯೇ ಊದಿದ.
ಎರಡನೆಯ ಚರಣದಲ್ಲಿ ಒಂದು ಸ್ವರ ತಪ್ಪಿದ,
ನಾನು ತಪ್ಪುವ ಜಾಗದಲ್ಲೇ,
ಮೇಷ್ಟ್ರು ತಪ್ಪುತ್ತಿದ್ದ ಜಾಗದಲ್ಲೇ.