ಎರಡನೇ ಪಂಚ

ಕೌಲ್‌ಬಜಾರಿನ ಠಾಣೆಯ ಎದುರಿಗೇ ನನ್ನ ಝೆರಾಕ್ಸ್ ಅಂಗಡಿ.
ಪುಟಕ್ಕೆ ಎರಡು ರೂಪಾಯಿ, ಹಿಂದೆಮುಂದೆ ಆದರೆ ಮೂರು,
ಪೊಲೀಸರಿಗೆ ಉದ್ದರಿಯ ಪುಸ್ತಕ ಬೇರೆ.
ಆ ಬಾಕಿ ತೀರಿಸದವರು ಕರೆದಾಗೆಲ್ಲ
ಶಟರ್ ಅರ್ಧ ಇಳಿಸಿ ಹೋಗಿ ಸಹಿ ಹಾಕಿದ್ದೇನೆ:
ಮಟ್ಕಾ ಚೀಟಿ, ಕಳ್ಳ ಅಕ್ಕಿ, ಒಂದು ಸಲ ಒಂದು ಎಮ್ಮೆ.
ಒಟ್ಟು ಇಪ್ಪತ್ಮೂರು ಪಂಚನಾಮೆ.
ಕಣ್ಣಾರೆ ಕಂಡದ್ದು ಎಮ್ಮೆಯನ್ನು ಮಾತ್ರ.

ಆ ರಾತ್ರಿ ಬಂದವರು ನಮ್ಮ ಠಾಣೆಯವರಲ್ಲ.
ಬಿಳಿ ಜೀಪು, ಧೂಳು ಕೂರದ ಬೂಟು.
“ಎರ್ರಿಸ್ವಾಮಿಯವರೇ, ಐದೇ ನಿಮಿಷ” ಅಂದರು. ಎಷ್ಟು ಮರ್ಯಾದೆ!
ಓಣಿಯ ತುದಿಗೆ ಖಲಂದರನ ಗಡಿಯಾರದಂಗಡಿ,
ಅಂಗಡಿಯೆಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು,
ಒಂದೇ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ.
ನನ್ನನ್ನು ಹೊರಗೆ ಜೀನ್ಸಿನ ಮೂಟೆಯ ಮೇಲೆ ಕೂರಿಸಿ
ಚಹಾ ತರಿಸಿದರು.
ಒಳಗೆ ಏನನ್ನೋ ಎಣಿಸುವ ಸದ್ದು.
ಕೋಟೆಗುಡ್ಡ ಹಗಲೆಲ್ಲ ನುಂಗಿದ ಬಿಸಿಲನ್ನು
ಓಣಿಗೆ ವಾಪಸು ಕೊಡುತ್ತಿತ್ತು.
ಬೆವರು, ಚಹಾ, ಸಹಿ.

ಓದದೆ ಯಾಕೆ ಸಹಿ ಹಾಕಿದಿರಿ, ವಕೀಲರು ಕೇಳುತ್ತಾರಂತೆ.
ಅಂಜಿಕೆ ಅಂದುಬಿಡಬಹುದು, ಎಲ್ಲರೂ ನಂಬುತ್ತಾರೆ.
ಅಂಜಿಕೆಯಲ್ಲ.
ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಸಿಡಿದ ದಿನ
ನನ್ನ ತಂಗಿ ಸುಂಕಲಮ್ಮ ಅಲ್ಲಿ ಮಗಳಿಗೆ ಬಳೆ ಕೊಡಿಸುತ್ತಿದ್ದಳು.
ಮಗು ಉಳಿಯಿತು. ಕಿವಿ ಉಳಿಯಲಿಲ್ಲ.
ಈಗಲೂ ಪಟಾಕಿ ಹಚ್ಚಿದರೆ
ಎಲ್ಲರೂ ಬೆಚ್ಚಿದ ಮೇಲೆ, ನಮ್ಮ ಮುಖ ನೋಡಿ, ತಡವಾಗಿ ನಗುತ್ತಾಳೆ.
ಅವತ್ತು ನನ್ನ ಪೆನ್ನು ಹಿಡಿದದ್ದು ಆ ನಗು.
ಓದುವುದೇನಿದೆ, ಹಿಡಿದರಲ್ಲ ಯಾರನ್ನೋ!
ಆ ‘ಯಾರನ್ನೋ’ ಮೇಲೆ ನನ್ನ ಸಹಿ.

ಆಮೇಲೆ ಖಲಂದರನ ಅಕ್ಕ ಮೌಲಾಬಿ ಬರತೊಡಗಿದಳು.
ಜಾಮೀನಿನ ಅರ್ಜಿ, ತಿರಸ್ಕಾರದ ಆದೇಶ, ಮತ್ತೆ ಅರ್ಜಿ,
ಐದು ವರ್ಷದಲ್ಲಿ ನನ್ನ ಮಶೀನು ಎರಡು ಡ್ರಮ್ ತಿಂದಿತು.
ಸಾಕ್ಷಿಯ ರಕ್ಷಣೆಗೆಂದು ಹೆಸರಿನ ಮೇಲೆ ಕಪ್ಪು ಪಟ್ಟಿ:
ನನ್ನದೇ ಹೆಸರಿನ ಕತ್ತಲನ್ನು
ನಾನೇ ಅಚ್ಚು ತೆಗೆದು, ಪಿನ್ನು ಹೊಡೆದು, ಅವಳ ಕೈಗಿತ್ತೆ.
ಚಿಲ್ಲರೆ ಬೇಡ ಅಂದೆ. ಅವಳು ಎಣಿಸಿಯೇ ಇಟ್ಟಳು.

ಎಲ್ಲ ಆದೇಶಗಳಲ್ಲೂ ಒಂದೇ ಸಾಲು:
‘ಆರೋಪ ಮೇಲ್ನೋಟಕ್ಕೆ ನಿಜವೆಂದು ತೋರುವುದರಿಂದ…’
ಯಾರ ನೋಟ ಅದು?
ನ್ಯಾಯಾಧೀಶರು ಕಾಗದ ನೋಡಿದರು,
ಕಾಗದ ನನ್ನ ಸಹಿ ನೋಡಿತು,
ನನ್ನ ಸಹಿ ಚಹಾದ ಲೋಟ ನೋಡುತ್ತಿತ್ತು.

ಹೋದ ವಾರ, ಕರೆಂಟು ಹೋದಾಗ, ಗಾಜಿನ ಮೇಲೆ ಸಿಕ್ಕಿಕೊಂಡ ಪುಟವನ್ನು
ಮೊಬೈಲಿನ ಬೆಳಕಲ್ಲಿ ಓದಿದೆ. ಜಪ್ತಿಯ ಪಟ್ಟಿ.
‘ಸಮಯ ನಿಗದಿ ಸಾಧನಗಳು, ಹನ್ನೊಂದು.
ಕ್ರಮ ಸಂಖ್ಯೆ ಏಳು: ಕೈಗಡಿಯಾರ, ಗಾಜು ಬಿರಿದದ್ದು,
ಹಿಂಬದಿಯಲ್ಲಿ ಮೊಳೆಯಿಂದ ಗೀರಿದ “ಗಾ” ಎಂಬ ಅಕ್ಷರ.’
ಗಾದಿಲಿಂಗಪ್ಪ. ನನ್ನಪ್ಪ.
ರಿಪೇರಿಗೆ ಕೊಟ್ಟು, ಕಳೆದುಹೋಯಿತೆಂದು
ನಾನು ಖಲಂದರನನ್ನೇ ಬೈದುಕೊಂಡಿದ್ದ ವಾಚು.

ಅವನು ನಿರ್ದೋಷಿ ಅನ್ನುತ್ತಿಲ್ಲ ನಾನು.
ಉಳಿದ ಹತ್ತರ ಕತೆ ನನಗೆ ಗೊತ್ತಿಲ್ಲ.
ಗೊತ್ತು ಮಾಡಿಕೊಳ್ಳಲೆಂದೇ ಕರೆದಿದ್ದರಲ್ಲವೇ.
ಕಾನೂನು ಬಿರುಸಾಗಿರಲಿ, ತಂಗಿಯ ಮಗಳ ಆಣೆ, ಇರಲಿ.
ಆದರೆ ಅಷ್ಟು ದಪ್ಪ ಗೋಡೆಯಲ್ಲೂ ಅದು ಒಂದು ಕಿಂಡಿ ಬಿಟ್ಟಿತ್ತು:
ಊರಿನವರಿಬ್ಬರು ನಿಂತು ನೋಡಲಿ ಎಂದು.
ಬೆನ್ನು ತಿರುಗಿಸಿ ಚಹಾ ಕುಡಿಯಿತು ಆ ಕಿಂಡಿ.

ನಾಳೆ ಹತ್ತೂವರೆಗೆ ಕೋರ್ಟು.
ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ:
“ನಾನು ಏನನ್ನೂ ನೋಡಲಿಲ್ಲ.”
ಹೆದರಿದವರು, ದುಡ್ಡು ತಿಂದವರು ಹೇಳುವ ಮಾತೇ.
ನನ್ನ ಬಾಯಲ್ಲಿ ಅದು ಮೊದಲ ನಿಜ.
ಹಿಂದೆ ನಿಂತಿದ್ದಳು, ತುಟಿ ಓದಲು ಕಲಿತವಳು.
ಕನ್ನಡಿಯೊಳಗಿಂದಲೇ ನನ್ನ ಬಾಯಿ ನೋಡಿ,
ಬೆರಳಾಡಿಸಿದಳು:
ತಿಳಿಯಲಿಲ್ಲ ಮಾವ, ಇನ್ನೊಂದ್ಸಲ ಹೇಳು.