ಗೋಡೆಗೊರಗುವ ವಯಸ್ಸು

ಮೊದಲು ಪಿಕಪ್ಪಿನ ಎಂಜಿನ್ನು ಆರಿಸು ಹಮ್ದಿ,
ಆಮೇಲೆ ಮಾತು.
ಹಿಂದೆ ಕಟ್ಟಿದ ನಿನ್ನ ಫಿಂದಿಕ್ ಬೆದೆಗೆ ಬಂದದ್ದು
ನೀನು ಹೇಳಬೇಕಿಲ್ಲ, ಬೆಳಗಿನಿಂದ ಗಾಳಿಯೇ ಹೇಳುತ್ತಿದೆ.
ನನ್ನವನು ಬಾಗಿಲ ಹಲಗೆ ಕೆರೆದು ಕೆರೆದು
ಒಳಗಿನ ಬಿಳಿ ಮರ ತೋರಿಸಿಬಿಟ್ಟಿದ್ದಾನೆ.

ಕೂತುಕೋ. ಚಹಾ ಬಿಸಿಯಿದೆ.
ಸಕ್ಕರೆ ಎರಡೇ ತುಂಡು ಉಳಿದಿದೆ, ಎರಡೂ ನಿನಗೆ.
ಇಲ್ಲ ಅನ್ನುವವಳು ಇಷ್ಟಾದರೂ ಕೊಡಬೇಕಲ್ಲ.

ಹೌದು, ಎತ್ತರ ಬಂದಿದೆ. ನಿನ್ನ ಸೊಂಟ ಮುಟ್ಟುತ್ತಾನೆ.
ಕರಿ ಮುಸುಡಿ, ಗೋಧಿ ಮೈ, ಬೆನ್ನ ಮೇಲೆ ಸುರುಳಿ ಬಾಲ.
ಸಿವಾಸಿನ ಸಂತೆಯಲ್ಲಿ ನಿಲ್ಲಿಸಿದರೆ
ಗಂಡಸರು ಬೆಲೆ ಕೇಳುವ ಮೊದಲು ಟೋಪಿ ಸರಿಮಾಡಿಕೊಳ್ಳುತ್ತಾರೆ.
ಆದರೆ ಹದಿನಾಲ್ಕು ತಿಂಗಳು ಹಮ್ದಿ.
ಮೈ ಓಡಿ ಮುಂದೆ ಹೋಗಿದೆ,
ಬುದ್ಧಿ ಇನ್ನೂ ಹಳ್ಳದ ದಂಡೆಯಲ್ಲಿ
ಕಪ್ಪೆ ನೋಡುತ್ತ ನಿಂತಿದೆ.

ಮೊನ್ನೆ ಕತ್ತೆ ಸೀನಿತು.
ಕಂಗಾಲ್ ನಾಯಿ ಕಂಗಾಲಾಗಿ
ಕೊರಳ ಕಬ್ಬಿಣದ ಮುಳ್ಳು ಸಮೇತ ನನ್ನ ಹಿಂದೆ ಅಡಗಿತು.
ನೋಡು, ಷಲ್ವಾರಿನ ಮೇಲೆ ಹೊಲಿಗೆ.
ಕಾಲೆತ್ತಿ ಉಚ್ಚೆ ಹೊಯ್ಯಲು ಕಲಿತಿದ್ದಾನೆ, ಸರಿ.
ಎತ್ತಿದೊಡನೆ ಗೋಡೆಗೆ ಒರಗುತ್ತಾನೆ.
ಒರಗದಿದ್ದರೆ ಬೀಳುತ್ತಾನೆ.
ಇವನನ್ನು ಅಪ್ಪನಾಗಿಸು ಅನ್ನುತ್ತೀ.

ದುಡ್ಡು ಹೊರಗೆ ತೆಗೆಯಬೇಡ.
ಟ್ರ್ಯಾಕ್ಟರಿಗೆ ಹಿಂದಿನ ಎರಡು ಟೈರು ಬೇಕು,
ನೋಟು ಕಂಡರೆ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ, ನಾನೇನು ಕಲ್ಲಲ್ಲ.

ದುಮಾನ್ ನೆನಪಿದೆಯೇ?
ಹನ್ನೊಂದು ತಿಂಗಳಿಗೇ ಬಿಟ್ಟೆ. ಮೂವರ ದುಡ್ಡು ಹಿಡಿದೆ.
ಮರಿಗಳು ಜಾರಾಕ್ಕೆ, ದಿವ್ರಿಯಿಗೆ, ಎಲ್ಲೆಲ್ಲಿಗೋ ಹೋದವು.
ಎರಡನೆಯ ಚಳಿಗೆ ಒಬ್ಬ ಹುಡುಗ ಜಾರಾದಿಂದ ಬಂದ,
ಮರಳು ಹೊರುವ ಕೈಗಾಡಿಯಲ್ಲಿ ನಾಯಿ ಮಲಗಿಸಿಕೊಂಡು.
ಹಿಂಗಾಲು ಎರಡೂ ಹಿಂದೆ ಬಿದ್ದಿದ್ದವು,
ಯಾರೋ ಮರೆತುಹೋದ ಗಂಟಿನ ಹಾಗೆ.
ಬೈಯಲಿಲ್ಲ ಹುಡುಗ. ಗಾಡಿ ಇಳಿಸಿ ನಿಂತ.
ಆ ಹೊತ್ತಿಗೆ ದುಮಾನ್ ಕೂಡ
ಹಿಮದಲ್ಲಿ ಕೂತರೆ ಏಳಲಾರದವನಾಗಿದ್ದ.
ದುಮಾನಿನ ತಪ್ಪಲ್ಲ.
ಬಾಗಿಲು ತೆಗೆದದ್ದು ಈ ಕೈ.

ಡಾಕ್ಟರು ನುರ್ಜಾನ್ ಹೇಳುತ್ತಾಳೆ: ಎರಡು ವರ್ಷ ತುಂಬಲಿ,
ಎಕ್ಸ್-ರೇ ತೆಗೆದು ನೋಡೋಣ,
ತೊಡೆಯ ಗುಂಡು ತನ್ನ ಬಟ್ಟಲಲ್ಲಿ ಸರಿಯಾಗಿ ಕೂತಿದೆಯೇ ಅಂತ.
ನಮ್ಮ ಮಾವ ಎಕ್ಸ್-ರೇ ಕಂಡವನಲ್ಲ.
ಅವನ ಲೆಕ್ಕ: ಎರಡು ಚಳಿಗಾಲ, ಒಂದು ತೋಳ.
ತೋಳದ ವಾಸನೆಗೆ ಓಡಿಹೋಗುವುದೂ ಬೇಡ,
ಹುಚ್ಚೆದ್ದು ಅಟ್ಟಿಕೊಂಡು ಹೋಗುವುದೂ ಬೇಡ,
ಎದ್ದು, ಕುರಿಗೂ ಕತ್ತಲಿಗೂ ನಡುವೆ
ಒಂದು ಸಲ ಗುರ್ ಅಂದು ನಿಂತರೆ
ಅಂಥವನ ಮರಿ ಸಾಕು ಅನ್ನುತ್ತಿದ್ದ.
ಇವನು ಇನ್ನೂ ತೋಳ ಕಂಡಿಲ್ಲ. ಕತ್ತೆ ಕಂಡಿದ್ದಾನೆ.

ನಗಬೇಡ.
ಅವನಿಗೇ ಬೇಕಂತೆ, ನಾನ್ಯಾರು ತಡೆಯಲು ಅಂತೀಯ?
ಹದಿನೈದಕ್ಕೆ ನನ್ನನ್ನು ಈ ಮನೆಗೆ ತಂದರು.
ಮೈ ನೆರೆದಿದೆ, ಇನ್ನೇನು ಅಂದರು.
ಎಂಜಿನ್ನು ಆರಿಸು, ಚಹಾ ಕುಡಿ ಅನ್ನುವವರು
ಅವತ್ತು ನಮ್ಮ ಅಂಗಳದಲ್ಲಿ ಯಾರೂ ಇರಲಿಲ್ಲ.

ಉಲಾಷಿನಲ್ಲಿ ಬೇರೆ ಗಂಡಿದೆ, ಐದು ವರ್ಷದ್ದು,
ಕಿವಿ ಹರಿದಿದೆ, ಸೊಂಟ ಗಟ್ಟಿ.
ಕತ್ತಲಾಗುವ ಮೊದಲು ಮುಟ್ಟುತ್ತೀ. ಹೋಗು.

*

ರಾತ್ರಿಯೆಲ್ಲ ಅತ್ತ.
ಮೂರು ಸಲ ಎದ್ದೆ, ಎಲುಬು ಕೊಟ್ಟೆ, ಮೂಸಲಿಲ್ಲ.
ನನ್ನ ಚಪ್ಪಲಿ ಒಂದು ಕಾಣೆ.

ಬೆಳಿಗ್ಗೆ ಅಂಗಳಕ್ಕೆ ಬಿಟ್ಟೆ.
ಪಿಕಪ್ಪು ನಿಂತಿದ್ದ ಜಾಗ ಮೂಸಿದ, ಸುತ್ತಿದ,
ಬಟ್ಟಬಯಲಿನ ನಟ್ಟನಡುವೆ, ಗೋಡೆಗೆ ಹತ್ತು ಮಾರು ದೂರ,
ಕಾಲೆತ್ತಿದ.
ಮೂರು ಕಾಲ ಮೇಲೆ ನಿಂತೇ ಇದ್ದ,
ಅಲುಗದೆ, ಮುಗಿಯುವ ತನಕ.

ನೋಡಿದೆ.
ಲೆಕ್ಕಕ್ಕೆ ಹಿಡಿಯಲಿಲ್ಲ.
ಹಮ್ದಿಗೂ ಹೇಳುವುದಿಲ್ಲ.